ನರಜಾಲದ ಗಣಿತದಿಂದ ಅರ್ಜಿ ನಮೂನೆಯವರೆಗೆ

ಅಕ್ಷರಗಳ ಸಾಲೊಂದು ಹೇಗಿರಬೇಕು ಎಂದು ಕಂಪ್ಯೂಟರಿಗೆ ತಿಳಿಸುವ ಚಿಕ್ಕ ಸೂತ್ರವೇ ರೆಗ್ಯುಲರ್ ಎಕ್ಸ್‌ಪ್ರೆಶನ್. ಪ್ರೋಗ್ರಾಮರ್‌ಗಳ ಬಾಯಲ್ಲಿ ಅದು ರೆಜೆಕ್ಸ್. ಆನ್‌ಲೈನ್ ಅರ್ಜಿಯಲ್ಲಿ ಪಿನ್‌ಕೋಡಿಗೆ ಐದೇ ಅಂಕಿ ತುಂಬಿದಾಗ ಕೆಂಪು ಅಕ್ಷರದ ಎಚ್ಚರಿಕೆ ಮೂಡುವುದು ಸಾಮಾನ್ಯವಾಗಿ ಇದರ ಕೆಲಸ. ಆದರೆ ಇದು ಹುಟ್ಟಿದ್ದು ಅರ್ಜಿ ತಪಾಸಣೆಗಲ್ಲ.

1943ರಲ್ಲಿ ವಾರನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ನರಕೋಶಗಳ ಜಾಲವನ್ನು ತರ್ಕಶಾಸ್ತ್ರದ ಭಾಷೆಯಲ್ಲಿ ವಿವರಿಸಿದರು. ಅಂಥ ಜಾಲ ಯಾವ ಯಾವ ಘಟನಾಸರಣಿಗಳನ್ನು ಗುರುತಿಸಬಲ್ಲದು? ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ 1951ರಲ್ಲಿ ರ್‍ಯಾಂಡ್ ಸಂಸ್ಥೆಗೆ ಬರೆದ ವರದಿಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಇದು ಅಥವಾ ಅದು, ಇದರ ನಂತರ ಅದು, ಇದೇ ಎಷ್ಟು ಸಲವಾದರೂ: ಈ ಮೂರು ಕ್ರಿಯೆಗಳಿಂದ ಅವನ್ನೆಲ್ಲ ಕಟ್ಟಬಹುದು ಎಂಬುದೇ ಆ ಉತ್ತರ. ರೆಜೆಕ್ಸ್ ಹುಟ್ಟಿದ್ದು ಹೀಗೆ. ಮೂರನೆಯದನ್ನು ಸೂಚಿಸುವ ನಕ್ಷತ್ರ ಚಿಹ್ನೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ವರದಿ 1956ರಲ್ಲಿ ಅಚ್ಚಾಯಿತು.

ಕಾಗದದ ಮೇಲಿದ್ದ ಈ ಗಣಿತವನ್ನು ಪಠ್ಯ ಹುಡುಕುವ ಸಾಧನವಾಗಿಸಿದವರು ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್. 1968ರ ಲೇಖನದಲ್ಲಿ ಅವರು ಸೂತ್ರವನ್ನು ಐಬಿಎಂ 7094 ಕಂಪ್ಯೂಟರಿನ ಯಂತ್ರಭಾಷೆಗೆ ಇಳಿಸುವ ಕ್ರಮವನ್ನು ವಿವರಿಸಿದರು. ಯುನಿಕ್ಸ್‌ನ ಹುಡುಕಾಟದ ಸಾಧನವಾದ ಗ್ರೆಪ್ ಮತ್ತು 1987ರ ಪರ್ಲ್ ಭಾಷೆ ಅದನ್ನು ಎಲ್ಲ ಪ್ರೋಗ್ರಾಮರ್‌ಗಳ ಕೈಗಿತ್ತವು.

ಅರ್ಜಿ ನಮೂನೆ ವೆಬ್ಬಿಗೆ ಬಂದದ್ದು ಆಮೇಲೆ. 1995ರ ಎಚ್‌ಟಿಎಂಎಲ್ 2.0ರಲ್ಲಿ ನಮೂನೆಗಳಿದ್ದರೂ ತಪಾಸಣೆಯೆಲ್ಲ ಸರ್ವರಿನಲ್ಲೇ ನಡೆಯಬೇಕಿತ್ತು. ಒಂದಂಕಿ ತಪ್ಪಿದರೂ ಇಡೀ ಅರ್ಜಿ ನಿಧಾನದ ಟೆಲಿಫೋನ್ ತಂತಿಯಲ್ಲಿ ಹೋಗಿ ಮರಳುತ್ತಿತ್ತು. 1997ರಲ್ಲಿ ನೆಟ್‌ಸ್ಕೇಪ್ 4ರ ಜಾವಾಸ್ಕ್ರಿಪ್ಟಿಗೆ ರೆಜೆಕ್ಸ್ ಸೇರಿದ ಮೇಲೆ ಇಂಥ ತಪ್ಪನ್ನು ಬ್ರೌಸರಿನಲ್ಲೇ ಹಿಡಿಯುವುದು ಸುಲಭವಾಯಿತು. 2014ರ ಎಚ್‌ಟಿಎಂಎಲ್5 ಮಾನದಂಡದಲ್ಲಿ ಕಾಲಮ್ಮಿನ ಜೊತೆಯಲ್ಲೇ ಸೂತ್ರ ಬರೆಯುವ ಸೌಲಭ್ಯ ಬಂತು. ಬ್ರೌಸರಿನ ತಪಾಸಣೆಯನ್ನು ತಪ್ಪಿಸಿಕೊಳ್ಳುವುದು ಸುಲಭವಾದ್ದರಿಂದ ಸರ್ವರಿನ ತಪಾಸಣೆ ಇಂದಿಗೂ ತಪ್ಪಿಲ್ಲ.

ಕಡತ ಮೇಜಿನಿಂದ ಮೇಜಿಗೆ ಸಾಗುವ ವರ್ಕ್‌ಫ್ಲೋ ತಂತ್ರಾಂಶದಲ್ಲಿ ಇಂಥ ತಪಾಸಣೆಯ ಬೆಲೆ ಇನ್ನೂ ಹೆಚ್ಚು. ಮೊದಲ ಹಂತದ ತಪ್ಪು ಮೂರನೆಯ ಅಧಿಕಾರಿಯ ಕಣ್ಣಿಗೆ ಬಿದ್ದರೆ ಕಡತ ಮತ್ತೆ ಅರ್ಜಿದಾರನ ಬಳಿಗೇ ಬರುತ್ತದೆ. ಹಿಂದೆ ಕೌಂಟರಿನ ಗುಮಾಸ್ತರು ಕಣ್ಣಾಡಿಸಿ ತಡೆಯುತ್ತಿದ್ದುದನ್ನು ಈಗ ಸೂತ್ರ ತಡೆಯುತ್ತದೆ. ಭಾರತದ ಗುರುತಿನ ಸಂಖ್ಯೆಗಳು ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಪ್ಯಾನ್ ಎಂದರೆ ಐದು ಇಂಗ್ಲಿಷ್ ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ವ್ಯಕ್ತಿಯದಾದರೆ ನಾಲ್ಕನೆಯ ಅಕ್ಷರ ‘ಪಿ’. ಜಿಎಸ್‌ಟಿ ನೋಂದಣಿ ಸಂಖ್ಯೆಗೆ 15 ಸ್ಥಾನ: ಮೊದಲೆರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ಮುಂದಿನ ಹತ್ತು ಪ್ಯಾನ್.

ಸೂತ್ರ ನೋಡುವುದು ಆಕಾರವನ್ನು ಮಾತ್ರ. ಆಕಾರ ಸರಿಯಿರುವ ಪ್ಯಾನ್ ಯಾರಿಗೂ ಕೊಡದ ಸಂಖ್ಯೆಯೂ ಆಗಿರಬಹುದು. ಆಧಾರ್‌ನ ಹನ್ನೆರಡನೆಯ ಅಂಕಿಯನ್ನು ಉಳಿದ ಹನ್ನೊಂದರಿಂದ ಲೆಕ್ಕಹಾಕಲಾಗುತ್ತದೆ. ಅದನ್ನು ತಾಳೆ ನೋಡಲು ಬೇರೆ ಪ್ರೋಗ್ರಾಮೇ ಬೇಕು. ಅಜಾಗರೂಕತೆಯಿಂದ ಬರೆದ ಸೂತ್ರ ಅಪಾಯಕಾರಿಯೂ ಹೌದು. ಥಾಂಪ್ಸನ್ನರ ಕ್ರಮ ಎಲ್ಲ ಸಾಧ್ಯತೆಗಳನ್ನು ಒಟ್ಟಿಗೆ ಪರೀಕ್ಷಿಸುತ್ತಿತ್ತು. ಪರ್ಲ್ ಮಾದರಿಯ ಎಂಜಿನ್‌ಗಳು ಒಂದೊಂದೇ ದಾರಿ ಹಿಡಿದು, ಸೋತರೆ ಹಿಂದಿರುಗುತ್ತವೆ. ಕೆಲವೊಮ್ಮೆ ಈ ಹಿಂದಿರುಗಾಟಕ್ಕೆ ಕೊನೆಯೇ ಇರುವುದಿಲ್ಲವೆನ್ನುವಷ್ಟು ಸಮಯ ಹಿಡಿಯುತ್ತದೆ. 2019ರ ಜುಲೈ 2ರಂದು ಇಂಥ ಒಂದೇ ಸೂತ್ರದಿಂದ ಅನೇಕ ಜಾಲತಾಣಗಳಿಗೆ ಸೇವೆ ಒದಗಿಸುವ ಕ್ಲೌಡ್‌ಫ್ಲೇರ್ ಜಾಲ ಸುಮಾರು 27 ನಿಮಿಷ ನೆಲಕಚ್ಚಿತ್ತು.

ಎಲ್ಲಕ್ಕಿಂತ ಅನ್ಯಾಯದ ಬಳಕೆ ಹೆಸರಿನ ಕಾಲಮ್ಮಿನಲ್ಲಿ ಕಾಣುತ್ತದೆ. ಎ-ಯಿಂದ ಝಡ್‌ವರೆಗಿನ ಅಕ್ಷರಗಳನ್ನಷ್ಟೇ ಒಪ್ಪುವ ಸೂತ್ರ ಕನ್ನಡದಲ್ಲಿ ಬರೆದ ಹೆಸರನ್ನು ತಪ್ಪೆನ್ನುತ್ತದೆ. ‘ಯಾವುದೇ ಭಾಷೆಯ ಅಕ್ಷರ’ ಎಂದು ಸಡಿಲಿಸಿದರೂ ಸಾಲದು: ಯುನಿಕೋಡ್ ಲೆಕ್ಕದಲ್ಲಿ ಕಾಗುಣಿತದ ಗುರುತುಗಳು, ಅನುಸ್ವಾರ, ಹಲಂತ ಚಿಹ್ನೆ ಇವೆಲ್ಲ ಅಕ್ಷರಗಳಲ್ಲ, ಬೇರೆಯೇ ವರ್ಗ. ಕನ್ನಡ ಲಿಪಿಯನ್ನು ಹೆಸರಿಟ್ಟು ಕೇಳುವ ಅನುಕೂಲ ಜಾವಾಸ್ಕ್ರಿಪ್ಟ್ ಮಾನದಂಡಕ್ಕೆ 2018ರಲ್ಲೇ ಬಂದಿದೆ. ಕನ್ನಡಿಗರಿಗಾಗಿ ಅರ್ಜಿ ನಮೂನೆ ಕಟ್ಟುವವರು ಅದನ್ನು ಬಳಸಬೇಕು.