ಕಬ್ಬಿಣದ ಬಿರುಕು, ಬಸಿರಿನ ಕೂಸು

ಬಸಿರಿಗೆ ಇಪ್ಪತ್ತು ವಾರ ತುಂಬುವ ಹೊತ್ತಿಗೆ ‘ಸ್ಕ್ಯಾನ್’ ಮಾಡಿಸಬೇಕೆಂಬುದು ಇಂದು ಮನೆಮನೆಯ ಮಾತು. ಆದರೆ ಆ ವಿದ್ಯೆ ಹೆರಿಗೆಮನೆಗೆ ಬಂದದ್ದು ಕಾರ್ಖಾನೆಯಿಂದ ಎಂದರೆ ಸೋಜಿಗವೆನಿಸೀತು.

ಕಿವಿಗೆ ಕೇಳಿಸದ ಶಬ್ದವನ್ನು ಲೋಹದೊಳಕ್ಕೆ ಕಳುಹಿಸಿ, ಮರಳುವ ಪ್ರತಿಧ್ವನಿಯಿಂದ ಬಿರುಕನ್ನು ಪತ್ತೆಹಚ್ಚುವ ಯಂತ್ರಗಳು ಆಗಲೇ ಬಳಕೆಯಲ್ಲಿದ್ದವು. 1955ರಲ್ಲಿ ಗ್ಲಾಸ್ಗೋ ನಗರದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್, ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿಟ್ಟುಕೊಂಡು ರೆನ್‌ಫ್ರೂವಿನ ಬಾಯ್ಲರ್ ಕಾರ್ಖಾನೆಗೆ ಹೋದರು. ನೀರುಗುಳ್ಳೆಗೂ ಗಟ್ಟಿ ಗೆಡ್ಡೆಗೂ ಇರುವ ಭೇದವನ್ನು ಅಲ್ಲಿನ ಯಂತ್ರ ತೋರಿಸಿಕೊಟ್ಟಿತು. ಮುಂದೆ ಎಂಜಿನಿಯರ್ ಟಾಮ್ ಬ್ರೌನ್, ವೈದ್ಯ ಜಾನ್ ಮ್ಯಾಕ್‌ವಿಕಾರ್ ಅವರ ಜೊತೆಗೂಡಿದರು. ವಾಸಿಯಾಗದ ಕ್ಯಾನ್ಸರ್ ಎಂದು ಆಸೆ ಬಿಟ್ಟಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿದ್ದುದು ಅಂಡಾಶಯದ ನೀರುಗುಳ್ಳೆಯೆಂದು ಯಂತ್ರ ತೋರಿಸಿತು, ಆಕೆ ಬದುಕಿದಳು. 1958ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಈ ಮೂವರ ಲೇಖನದಲ್ಲಿ ಗರ್ಭಸ್ಥ ಶಿಶುವಿನ ಚಿತ್ರವೂ ಇತ್ತು.

ಜೀವ ಉಳಿಸಿದ ಇದೇ ಯಂತ್ರ ನಮ್ಮ ದೇಶದಲ್ಲಿ ಎಷ್ಟೋ ಹೆಣ್ಣುಕೂಸುಗಳಿಗೆ ಮೃತ್ಯುವಾಯಿತು. ಅದಕ್ಕೆಂದೇ ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿ ಆಯಿತು, 1996ರಲ್ಲಿ ಜಾರಿಗೆ ಬಂತು.

ನನಗೀಗ ಹತ್ತೊಂಬತ್ತನೆಯ ವಾರ. ಮುಂದಿನ ವಾರ ವೈದ್ಯರು ಕೂಸಿನ ತಲೆಯ ಅಳತೆ, ಬೆನ್ನೆಲುಬು, ಹೃದಯದ ನಾಲ್ಕು ಕೋಣೆಗಳನ್ನು ಪರೀಕ್ಷಿಸುತ್ತಾರೆ. ಅಳುಕಿಲ್ಲವೆನ್ನಲಾರೆ. ಗಂಡೋ ಹೆಣ್ಣೋ ತಿಳಿಯಬಾರದೇ ಎಂದು ಕೇಳುವ ಬಂಧುಗಳಿಗೆ ಮಾತ್ರ ನನ್ನ ಉತ್ತರ ಇಷ್ಟೆ: ಬಿರುಕು ಹುಡುಕಲೆಂದು ಹುಟ್ಟಿದ ಯಂತ್ರವಿದು, ಹೆಣ್ಣಾಗಿರುವುದು ಬಿರುಕಲ್ಲ.