ಸೌದೆಯ ಉಳಿತಾಯ ಮತ್ತು ಅಡುಗೆಮನೆಯ ಗಾಳಿ: ಸುಧಾರಿತ ಒಲೆಗಳ ಮೌಲ್ಯಮಾಪನದಲ್ಲಿ ಅಳತೆಯ ಪ್ರಶ್ನೆ

ಸೌದೆಯನ್ನು ಉಳಿಸುವ ಒಲೆಯು ಅಡುಗೆಮನೆಯ ಹೊಗೆಯನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸುತ್ತದೆ ಎಂಬ ಗ್ರಹಿಕೆಯು ಭಾರತದ ಗ್ರಾಮೀಣ ಇಂಧನ ಯೋಜನೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಎ.ಕೆ.ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ರೂಪಿಸಿದ, ಮೂರು ಪಾತ್ರೆಗಳನ್ನಿಡುವ ಹೊಗೆಕೊಳವೆಯ ಒಲೆ, 1980ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರ ಕೈಗೊಂಡ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ, ಅದೇ ಹೊತ್ತಿಗೆ ಗುಜರಾತಿನ ಹಳ್ಳಿಗಳಲ್ಲಿ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ನಡೆಸಿದ ಹೊಗೆಯ ಮಾಪನ, ಇವೆಲ್ಲ ಸುಪರಿಚಿತವಾದವು. ಈ ಒಲೆಗಳಲ್ಲಿ ಅನೇಕವು ನಿರೀಕ್ಷಿತ ಫಲ ನೀಡಲಿಲ್ಲ ಎಂಬುದರಲ್ಲಿಯೂ ಈಗ ಹೆಚ್ಚಿನ ಭಿನ್ನಮತವಿಲ್ಲ. ಭಿನ್ನಮತವಿರುವುದು ಅದರ ಕಾರಣದ ಬಗ್ಗೆ.

ರೆಮಾ ಹನ್ನಾ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಒಡಿಶಾದ ಗ್ರಾಮಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲ ವರ್ಷ ತಗ್ಗಿದ ಹೊಗೆಯ ಸೇವನೆ ಮುಂದಿನ ವರ್ಷಗಳಲ್ಲಿ ಮೊದಲಿನ ಮಟ್ಟಕ್ಕೇ ಮರಳಿತು. ಮನೆಯವರು ಒಲೆಯನ್ನು ನಿಯತವಾಗಿ ಬಳಸದಿದ್ದುದು, ಅದನ್ನು ದುರಸ್ತಿಯಲ್ಲಿ ಇಟ್ಟುಕೊಳ್ಳದಿದ್ದುದು ಇದಕ್ಕೆ ಕಾರಣ ಎಂಬುದು ಅವರ ವಿವರಣೆ. ಈ ವಿವರಣೆ ಸುಳ್ಳಲ್ಲ, ಆದರೆ ಅಪೂರ್ಣ. ಅದು ಒಲೆಯನ್ನು ನಿರ್ದೋಷಿಯೆಂದು ಭಾವಿಸಿ, ದೋಷವನ್ನೆಲ್ಲ ಒಲೆಯ ಮುಂದೆ ಕುಳಿತವರ ಮೇಲೆ ಹೊರಿಸುತ್ತದೆ.

ಒಲೆಯ ಒಟ್ಟು ದಕ್ಷತೆಯು ಎರಡು ದಕ್ಷತೆಗಳ ಗುಣಲಬ್ಧ. ಸೌದೆಯಲ್ಲಿ ಅಡಗಿರುವ ಶಕ್ತಿಯಲ್ಲಿ ಎಷ್ಟು ಪಾಲು ಶಾಖವಾಗುತ್ತದೆ ಎಂಬುದು ದಹನ ದಕ್ಷತೆಯಾದರೆ, ಆ ಶಾಖದಲ್ಲಿ ಎಷ್ಟು ಪಾಲು ಪಾತ್ರೆಗೆ ತಲುಪುತ್ತದೆ ಎಂಬುದು ಉಷ್ಣ ವರ್ಗಾವಣೆಯ ದಕ್ಷತೆ. ಸಾಮಾನ್ಯ ಮೂರು ಕಲ್ಲಿನ ಒಲೆಯಲ್ಲಿ ಹೆಚ್ಚಿನ ನಷ್ಟವಾಗುವುದು ಎರಡನೆಯದರಲ್ಲಿ. ಆದ್ದರಿಂದ ಸುಧಾರಣೆಯೂ ಅಲ್ಲಿಯೇ ಸುಲಭ. ಆದರೆ ಪಾತ್ರೆಯನ್ನು ಜ್ವಾಲೆಗೆ ಸಮೀಪಿಸಿದಾಗ, ತಣ್ಣನೆಯ ತಳಕ್ಕೆ ತಗುಲಿದ ಉರಿಯು ಪೂರ್ತಿ ಉರಿಯುವ ಮೊದಲೇ ಆರಿ ಮಸಿಯಾಗಬಹುದು. ಸೌದೆ ಉಳಿದೂ ಹೊಗೆ ಉಳಿಯುವುದು ಹೀಗೆ ಸಾಧ್ಯ.

ಇದು ಕೇವಲ ಸೈದ್ಧಾಂತಿಕ ಸಾಧ್ಯತೆಯಲ್ಲ ಎಂಬುದಕ್ಕೆ ಕೊಪ್ಪಳ ಜಿಲ್ಲೆಯಿಂದ ಪುರಾವೆ ದೊರೆತಿದೆ. ಇಂಗಾಲದ ಉಳಿತಾಯವನ್ನು ಮಾರಾಟ ಮಾಡಲು ಕ್ಯೋಟೊ ಒಪ್ಪಂದದ ವ್ಯವಸ್ಥೆಯಡಿ ಮಾನ್ಯತೆ ಪಡೆದ ಒಲೆಯೊಂದನ್ನು 187 ಮನೆಗಳಲ್ಲಿ ಪರೀಕ್ಷಿಸಿದ, 2016ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಎರಡು ಋತುಗಳ ನಡುವೆ ದಿನದ ಸೌದೆ ಬಳಕೆಯು ಹಳೆಯ ಒಲೆಯ ಮನೆಗಳಲ್ಲಿ 0.60 ಕಿಲೋಗ್ರಾಂ, ಹೊಸ ಒಲೆಯ ಮನೆಗಳಲ್ಲಿ 0.52 ಕಿಲೋಗ್ರಾಂ ಇಳಿಯಿತು. ಅಂದರೆ ಒಲೆಯಿಂದಲೇ ಆದ ಉಳಿತಾಯ ಕಾಣಿಸಲಿಲ್ಲ. ಹೊಸ ಒಲೆ ಪಡೆದವರಲ್ಲಿ ಶೇ. 40ರಷ್ಟು ಮನೆಗಳು ಹಳೆಯದನ್ನೂ ಉರಿಸುತ್ತಿದ್ದುದರಿಂದ ಇಷ್ಟರಮಟ್ಟಿಗೆ ಒಡಿಶಾದ ವಿವರಣೆ ಸಾಕಾಗುತ್ತದೆ. ಸಾಕಾಗದಿರುವುದು ಇನ್ನೊಂದು ಅಂಶಕ್ಕೆ: ಹೊಸ ಒಲೆಯ ಹೊಗೆಯಲ್ಲಿ ಕಪ್ಪು ಇಂಗಾಲದ, ಅಂದರೆ ಮಸಿಯ, ಪಾಲು ಹೆಚ್ಚಾಗಿರುವ ಸೂಚನೆ ಅಲ್ಲಿ ದೊರೆಯಿತು. ಒಲೆ ಮೂಲೆ ಸೇರಿದ್ದರೆ ಹೊಗೆಯ ಗುಣ ಬದಲಾಗುತ್ತಿರಲಿಲ್ಲ. ಬದಲಾಗಿದೆಯೆಂದರೆ ಒಲೆ ಉರಿಯುತ್ತಿತ್ತು ಮತ್ತು ಬೇರೆ ಬಗೆಯಲ್ಲಿ ಉರಿಯುತ್ತಿತ್ತು.

ಈ ವ್ಯತ್ಯಾಸ ಪರೀಕ್ಷೆಯ ಹಂತದಲ್ಲೇ ಕಣ್ಣಿಗೆ ಬೀಳದಿರಲು ಅಳತೆಯ ಮಾನವೇ ಒಂದು ಕಾರಣ ಎಂಬುದು ಪ್ರಸ್ತುತ ಲೇಖನದ ಮುಖ್ಯ ವಾದ. ಭಾರತೀಯ ಮಾನಕ ಬ್ಯೂರೋದ 2013ರ ಮಾನಕವು ಫ್ಯಾನಿಲ್ಲದ ಒಲೆಗೆ ಕನಿಷ್ಠ ಶೇ. 25ರಷ್ಟು ಉಷ್ಣ ದಕ್ಷತೆಯನ್ನು ವಿಧಿಸಿ, ಕಣಗಳ ಗರಿಷ್ಠ ಮಿತಿಯನ್ನು ಪಾತ್ರೆಗೆ ತಲುಪಿದ ಪ್ರತಿ ಮೆಗಾಜೂಲ್ ಶಾಖಕ್ಕೆ 350 ಮಿಲಿಗ್ರಾಂ ಎಂದು ಗೊತ್ತುಮಾಡಿದೆ. ಭಾಜಕದಲ್ಲಿಯೇ ದಕ್ಷತೆ ಸೇರಿರುವುದರಿಂದ, ಶಾಖ ವರ್ಗಾವಣೆಯೊಂದೇ ಸುಧಾರಿಸಿ ಹೊಗೆ ಹೊಮ್ಮುವ ವೇಗ ಹಾಗೆಯೇ ಉಳಿದರೂ ಈ ಅಂಕಿ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2014ರ ಮಾರ್ಗಸೂಚಿ ಲೆಕ್ಕ ಹಿಡಿಯುವುದು ನಿಮಿಷಕ್ಕೆ: ಹೊಗೆಕೊಳವೆಯಿಲ್ಲದ ಒಲೆಗೆ 0.23 ಮಿಲಿಗ್ರಾಂ, ಮಧ್ಯಂತರ ಗುರಿಯಾಗಿ 1.75 ಮಿಲಿಗ್ರಾಂ. ಪಾತ್ರೆಗೆ ಒಂದು ಕಿಲೋವ್ಯಾಟ್ ಶಾಖ ಕೊಡುವ ಒಲೆಯೊಂದು ನಮ್ಮ ಮಾನಕದ ಅಂಚಿನಲ್ಲಿ ತೇರ್ಗಡೆಯಾದರೆ ಅದು ನಿಮಿಷಕ್ಕೆ 21 ಮಿಲಿಗ್ರಾಂ ಕಣಗಳನ್ನು ಹೊರಬಿಡಬಹುದು. ಇದು ಮಧ್ಯಂತರ ಗುರಿಯ ಹನ್ನೆರಡು ಪಟ್ಟು. ಇಷ್ಟು ಅಂತರವಿರುವಾಗ ಅಡುಗೆ ಮಾಡುವವರ ಅಭ್ಯಾಸವನ್ನು ಮೊದಲು ವಿಚಾರಣೆಗೆ ಒಳಪಡಿಸುವುದು ನ್ಯಾಯವಲ್ಲ.

ಈ ವಾದಕ್ಕೆ ಮಿತಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಗುರಿಗಳು ಅಡುಗೆಮನೆಯ ಗಾತ್ರ ಮತ್ತು ಗಾಳಿಯ ಓಡಾಟದ ಕುರಿತ ಊಹೆಗಳನ್ನು ಆಧರಿಸಿವೆ. ಎರಡು ಮಾನಕಗಳು ಅಳೆಯುವ ಕಣಗಳ ಗಾತ್ರವೂ ಒಂದೇ ಇರಬೇಕಿಲ್ಲ. ಕೊಪ್ಪಳದಲ್ಲಿ ಸೂಕ್ಷ್ಮ ಕಣಗಳ ಒಟ್ಟು ಸಾಂದ್ರತೆಯ ಏರಿಕೆ ಹೊಸ ಒಲೆಯ ಮನೆಗಳಲ್ಲಿಯೇ ಕಡಿಮೆಯಿತ್ತು (ಘನಮೀಟರಿಗೆ 139ರ ಎದುರು 73 ಮೈಕ್ರೋಗ್ರಾಂ). ಅಂದಾಜಿನ ವ್ಯಾಪ್ತಿಗಳು ಒಂದರೊಳಗೊಂದು ಸೇರುವುದರಿಂದ ಇದನ್ನು ಯಾವ ಪಕ್ಷದ ಗೆಲುವೆಂದೂ ಹೇಳಲಾಗದು. ಮಸಿಯ ಪಾಲಿನ ಏರಿಕೆಯೂ ಸೂಚನೆಯೇ ಹೊರತು ಸಿದ್ಧಾಂತವಲ್ಲ. ಒಡಿಶಾದ ಒಲೆಗೆ ಹೊಗೆಕೊಳವೆ ಇದ್ದುದರಿಂದ ಅದನ್ನು ಕೊಪ್ಪಳದ ಒಲೆಯೊಂದಿಗೆ ನೇರವಾಗಿ ತೂಗುವುದೂ ಉಚಿತವಲ್ಲ.

ಹೊಗೆಕೊಳವೆಯಿಂದ ಹೊರಹೋದ ಹೊಗೆಯಲ್ಲಿ ಎಷ್ಟು ಪಾಲು ಒತ್ತೊತ್ತಾದ ಮನೆಗಳ ಕೇರಿಯಲ್ಲಿ ಪಕ್ಕದ ಮನೆಯೊಳಗೆ ಮರಳುತ್ತದೆ ಎಂಬುದು ಪ್ರತ್ಯೇಕ ಅಧ್ಯಯನವನ್ನು ಬೇಡುತ್ತದೆ. ಅಲ್ಲಿಯವರೆಗೆ, ಒಲೆಗಳಿಗೆ ಮಾನ್ಯತೆ ನೀಡುವಾಗ ಉಷ್ಣ ದಕ್ಷತೆಯ ಜೊತೆಗೆ ನಿಮಿಷವೊಂದಕ್ಕೆ ಹೊಮ್ಮುವ ಕಣಗಳ ಪ್ರಮಾಣವನ್ನೂ, ಪ್ರಯೋಗಾಲಯದಲ್ಲಿ ಮಾತ್ರವಲ್ಲದೆ ಬಳಕೆಯಲ್ಲಿರುವ ಅಡುಗೆಮನೆಯಲ್ಲಿಯೂ ಅಳೆದು, ನಮೂದಿಸುವುದು ಅಗತ್ಯ.