ಅನುಮೋದನೆ

ಸಂಸ್ಕೃತದ 'ಮುದ್' ಧಾತುವಿಗೆ ಸಂತೋಷಪಡು ಎಂದರ್ಥ. 'ಅನು' ಸೇರಿದಾಗ ಅದು ಇನ್ನೊಬ್ಬರ ಮಾತಿಗೆ ಮನಸಾರೆ ದನಿಗೂಡಿಸುವುದು. ಇಂದು ಬಜೆಟ್ಟಿಗೂ ಅಂತರರಾಷ್ಟ್ರೀಯ ಒಪ್ಪಂದಕ್ಕೂ ಇದೇ ಪದ. ಮನಸ್ಸು ಮಾತ್ರ ಎಷ್ಟೋ ಸಲ ಹಿಂದೆ ಉಳಿಯುತ್ತದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಅಮೆರಿಕ 1995ರಲ್ಲಿ ಸಹಿ ಹಾಕಿದರೂ ಅನುಮೋದನೆ ಕೊಟ್ಟಿಲ್ಲ. ಭಾರತ 1992ರಲ್ಲಿ ಒಪ್ಪಿತು. ಆದರೆ ಮಕ್ಕಳ ದುಡಿಮೆಯ ಕುರಿತ 32ನೇ ವಿಧಿಯನ್ನು ಹಂತಹಂತವಾಗಿ ಜಾರಿಗೊಳಿಸುವುದಾಗಿ ಘೋಷಣೆಯೊಂದನ್ನು ಲಗತ್ತಿಸಿತು. ದುಡಿಮೆಯ ಕನಿಷ್ಠ ವಯಸ್ಸು ಗೊತ್ತುಮಾಡುವ 1973ರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) ಒಪ್ಪಂದಕ್ಕೆ ಭಾರತದ ಅನುಮೋದನೆ ಸಿಕ್ಕಿದ್ದು 2017ರಲ್ಲಿ.

ಬಡ ದೇಶ ಈಡೇರಿಸಲಾಗದ ಮಾತು ಕೊಡಬಾರದು ಎಂಬ ಆಕ್ಷೇಪ ಪ್ರಾಮಾಣಿಕವಾದದ್ದೇ. ಆದರೆ ಒಡಂಬಡಿಕೆಯ 4ನೇ ವಿಧಿಯೇ ಆರ್ಥಿಕ, ಸಾಮಾಜಿಕ ಹಕ್ಕುಗಳಲ್ಲಿ ಲಭ್ಯ ಸಂಪನ್ಮೂಲದ ಮಿತಿಯನ್ನು ಒಪ್ಪುತ್ತದೆ. ಬೇರೆ ಘೋಷಣೆ ಬೇಕಿರಲಿಲ್ಲ. ಅದನ್ನು ಹಿಂತೆಗೆಯಿರಿ ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯೂ ಕೇಳಿದೆ. ಮನೆಗೆಲಸ, ಹೊಲದ ಕೆಲಸ ಮಕ್ಕಳಿಗೆ ಕಸುಬು ಕಲಿಸುತ್ತದೆ ಎಂಬ ಇನ್ನೊಂದು ವಾದ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯೊಳಗೇ ಬಂದು ಕೂತಿದೆ. ಆ ಕಾಯ್ದೆಯಂತೆ ಕಲಬುರಗಿ ಜಿಲ್ಲೆಯ ಶಹಾಬಾದಿನ ಫರಸಿ ಕಲ್ಲಿನ ಗಣಿಗೆ, ವಾಡಿ, ಸೇಡಂನ ಸಿಮೆಂಟಿನ ಸುಣ್ಣಕಲ್ಲು ಗಣಿಗಳಿಗೆ ಹದಿನೆಂಟರೊಳಗಿನವರು ಇಳಿಯುವಂತಿಲ್ಲ. ಆದರೆ ಚಿತ್ತಾಪುರ, ಚಿಂಚೋಳಿಯ ತೊಗರಿ ಹೊಲದಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮಕ್ಕಳು ಮನೆಯವರಿಗೆ ನೆರವಾಗಬಹುದು. ಆ ಹೊಲ ಸ್ವಂತದ್ದೋ, ಅಪ್ಪ ಕೂಲಿಗೆ ಹೋದ ಗೌಡರದ್ದೋ ಎಂದು ಕಾರ್ಮಿಕ ನಿರೀಕ್ಷಕರು ಪತ್ತೆಹಚ್ಚುವುದು ಸುಲಭವಲ್ಲ.